ಅಮಾತ್ರಿಚೆಯ ಊಟ, ಅಮಾತ್ರಿಚೆಯ ಗೋಡೆ

2021ರ ಅಕ್ಟೋಬರ್. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ನಡುಗುತ್ತಿತ್ತು. ಭೂಮಿಯೊಳಗಿಂದ ಗುಡುಗಿನಂಥ ಸದ್ದು ಬರುತ್ತಿತ್ತು. ಜನ ಮನೆಯೊಳಗೆ ಮಲಗಲು ಹೆದರಿ ಹಾಸಿಗೆಗಳನ್ನು ಅಂಗಳಕ್ಕೆ ತಂದಿದ್ದರು. ಕೆಲವರು ಮಕ್ಕಳನ್ನು ಕಟ್ಟಿಕೊಂಡು ನೆಂಟರ ಊರಿಗೆ ಹೋಗಿದ್ದರು. ನಾನು ಬೈಕ್ ಹತ್ತಿ ಸುದ್ದಿಗೆ ಹೋದೆ.

ಡೆಸ್ಕ್‌ನಿಂದ ಫೋನ್ ಬಂತು. ‘ಸಾವು ಎಷ್ಟು?’ ಅಂದರು. ಇಲ್ಲ ಸರ್ ಅಂದೆ. ‘ಮನೆ ಬಿದ್ದಾವೇನು?’ ಬಿರುಕು ಬಿಟ್ಟಿವೆ ಅಂದೆ. ‘ಹಂಗಾದ್ರೆ ನೂರು ಪದ ಸಾಕು’ ಅಂದರು.

ಆ ನೂರು ಪದ ಬರೆಯಲು ಒಂದು ಕಟ್ಟೆ ಮೇಲೆ ಕುಂತಾಗ ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದು ಕೇಳಿದರು: ‘ಯಪ್ಪಾ, ಪೇಪರ್ದವ ಅದೀ ಅಂತಿ. ಈ ಗೋಡಿ ನಿಂದರ್ತದೋ ಬೀಳ್ತದೋ, ಅದು ಬರೀತೀಯೇನು?’

ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಸುದ್ದಿ ಮಾಡಿದ್ದೇನೆ, ಗೋಡೆ ಯಾಕೆ ನಿಲ್ಲುತ್ತದೆ, ಯಾಕೆ ಬೀಳುತ್ತದೆ ಅನ್ನೋದು ಒಮ್ಮೆಯೂ ಕೇಳಿ ತಿಳಿದುಕೊಂಡಿರಲಿಲ್ಲ. ಅವತ್ತು ರಾತ್ರಿ ಮನೆಗೆ ಬಂದು ಫೋನಿನಲ್ಲಿ ಹುಡುಕುತ್ತಾ ಕುಂತೆ. ಕಲ್ಲು ಮಣ್ಣಿನ ಗೋಡೆ, ಭೂಕಂಪ ಅಂತ ಹುಡುಕಿದರೆ ಎರಡು ಹೆಸರು ಮತ್ತೆ ಮತ್ತೆ ಸಿಕ್ಕವು. ಒಂದು ಕಿಲ್ಲಾರಿ. ಇನ್ನೊಂದು ಇಟಲಿಯ ಅಮಾತ್ರಿಚೆ.

ಕಿಲ್ಲಾರಿ ನನಗೆ ಗೊತ್ತು. 1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಗಣಪತಿ ಕಳಿಸಿ, ದಣಿದು ಮಲಗಿದ ರಾತ್ರಿ. ಲಾತೂರ್ ಜಿಲ್ಲೆಯ ಆ ಊರು ನಮ್ಮ ಆಳಂದ ಸೀಮೆಯಿಂದ ದೂರವೇನಲ್ಲ. ಸುಮಾರು 10,000 ಜನ ಸತ್ತರು. ನನಗೆ ಆಗ ಐದು ವರ್ಷ. ಅಪ್ಪ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ್ದು, ಆಮೇಲೆ ಎಷ್ಟೋ ದಿನ ಹೊಲದಲ್ಲಿ ತಾಡಪತ್ರಿ ಕಟ್ಟಿ ಮಲಗಿದ್ದು, ಇಷ್ಟು ಮಾತ್ರ ನೆನಪಿದೆ. ಅವ್ವ ಈಗಲೂ ಗಾಳಿಗೆ ಬಾಗಿಲು ಬಡಿದರೆ ಎದ್ದು ಕೂರುತ್ತಾಳೆ.

ಅಮಾತ್ರಿಚೆ ಮಾತ್ರ ಹೊಸ ಹೆಸರು. ಆ ಊರಿಗೆ ನಾನು ಹೋಗಿಲ್ಲ, ಹೋಗುವ ಶಕ್ತಿಯೂ ಇಲ್ಲ. ನಕ್ಷೆ ತೆರೆದು ಬೀದಿ ಬೀದಿ ನೋಡಿದೆ. ಅಲ್ಲಿನ ವರದಿಗಳನ್ನು ಫೋನಿನಲ್ಲೇ ಭಾಷೆ ಬದಲಿಸಿ ಓದಿದೆ. ಒಂದು ರಾತ್ರಿ ಅಂತ ಶುರುವಾದದ್ದು ಮೂರು ನಾಲ್ಕು ವರ್ಷವಾದರೂ ಬಿಟ್ಟಿಲ್ಲ. ಗೋಡೆ ಹುಡುಕಲು ಹೋದವನಿಗೆ ಮೊದಲು ಸಿಕ್ಕಿದ್ದು ಮಾತ್ರ ಅಲ್ಲಿನ ಊಟ. ಹಾಗಾಗಿ ನಿಮಗೂ ಅದೇ ದಾರಿಯಲ್ಲಿ ಹೇಳುತ್ತೇನೆ.

ಇಟಲಿಯ ನಕ್ಷೆ ಬೂಟಿನಂತಿದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಆ ಬೂಟಿನ ಮೇಲಿಂದ ಕೆಳಗೆ ಬೆನ್ನೆಲುಬಿನ ಹಾಗೆ ಅಪೆನ್ನೈನ್ ಬೆಟ್ಟಸಾಲು ಇಳಿದಿದೆ. ಆ ಸಾಲಿನ ಹೆಚ್ಚುಕಡಿಮೆ ನಡುವಿನಲ್ಲಿ, ರಾಜಧಾನಿ ರೋಮ್‌ನಿಂದ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ ಅಮಾತ್ರಿಚೆ ಇದೆ. ಸಮುದ್ರ ಮಟ್ಟದಿಂದ 955 ಮೀಟರ್ ಎತ್ತರ. ಸುತ್ತ ಬೆಟ್ಟ, ನಡುವೆ ಬಟ್ಟಲಿನಂಥ ಬಯಲು. ಆ ಬಯಲಿನಲ್ಲಿ ತ್ರೊಂತೊ ನದಿ ಹರಿದು ಪೂರ್ವದ ಏಡ್ರಿಯಾಟಿಕ್ ಸಮುದ್ರ ಸೇರುತ್ತದೆ.

ಊರಿನ ಬೆನ್ನಿಗಿರುವುದು ಲಾಗಾ ಬೆಟ್ಟಗಳು. ಅದರಲ್ಲಿ ಎತ್ತರದ್ದು ಗೊರ್ಜಾನೊ ಶಿಖರ, 2,458 ಮೀಟರ್. ಆ ಭಾಗದ ಬೇರೆ ಬೆಟ್ಟಗಳು ಸುಣ್ಣಕಲ್ಲಿನವು. ಬಿದ್ದ ನೀರನ್ನೆಲ್ಲ ಒಳಗೇ ಕುಡಿದುಬಿಡುತ್ತವೆ. ಲಾಗಾ ಮಾತ್ರ ಮರಳುಗಲ್ಲಿನ ಬೆಟ್ಟ. ನೀರು ಮೇಲೆಯೇ ಹರಿಯುತ್ತದೆ. ಅದಕ್ಕೆ ಅಲ್ಲಿ ಹಳ್ಳ, ಝರಿ, ಜಲಪಾತ ಬಹಳ. ನೀರಿದ್ದರೆ ಹುಲ್ಲು, ಹುಲ್ಲಿದ್ದರೆ ಕುರಿ. ಆ ಊರಿನ ಬದುಕು ಶುರುವಾಗುವುದು ಅಲ್ಲಿಂದ.

ಚಳಿಗಾಲದಲ್ಲಿ ಬೆಟ್ಟದ ಮೇಲೆ ಹಿಮ ಕೂರುತ್ತದೆ. ಕುರಿಗೆ ಮೇವು ಸಿಗುವುದಿಲ್ಲ. ಅದಕ್ಕೆ ಕುರಿಗಾಹಿಗಳು ಶರತ್ಕಾಲ ಬಂದ ಕೂಡಲೇ ಸಾವಿರಾರು ಕುರಿ ಹೊಡೆದುಕೊಂಡು ರೋಮ್ ಸುತ್ತಲಿನ ಬಯಲಿಗೋ ದಕ್ಷಿಣದ ಪೂಲ್ಯಾ ಸೀಮೆಗೋ ಇಳಿಯುತ್ತಿದ್ದರು. ಬೇಸಿಗೆ ಹತ್ತಿರ ಬಂದಾಗ ಮತ್ತೆ ಬೆಟ್ಟಕ್ಕೆ ಏರುತ್ತಿದ್ದರು. ತಿಂಗಳುಗಟ್ಟಲೆ ಮನೆ ಬಿಟ್ಟ ಬದುಕು. ಜೊತೆಗೆ ತೋಳ ಕಾಯಲು ದೊಡ್ಡ ಬಿಳಿ ನಾಯಿಗಳು. ಈ ಓಡಾಟ ಎಷ್ಟು ದೊಡ್ಡದಿತ್ತೆಂದರೆ 1447ರಲ್ಲಿ ನೇಪಲ್ಸ್ ರಾಜ್ಯದ ದೊರೆ ಅಲ್ಫೊನ್ಸೊ ಕುರಿಗಳ ತೆರಿಗೆ ವಸೂಲಿಗೆಂದೇ ಒಂದು ಇಲಾಖೆ ಗಟ್ಟಿ ಮಾಡಿದ. ಈ ಕುರಿ ವಲಸೆಯ ಪದ್ಧತಿಯನ್ನು 2019ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ಕಂಬಳಿ ಹೊದ್ದು ಕುರಿ ಹಿಂಡಿನ ಹಿಂದೆ ಊರೂರು ತಿರುಗುವವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಕುರಿಗಾಹಿಯ ಚೀಲದಲ್ಲಿ ಏನಿರುತ್ತಿತ್ತು? ಕೆಡದ ಸಾಮಾನು ಮಾತ್ರ. ಒಂದು, ಒಣಗಿದ ಪಾಸ್ತಾ. ಗೋಧಿಯ ಗಟ್ಟಿ ಶ್ಯಾವಿಗೆ ಅಂದುಕೊಳ್ಳಿ. ಎರಡು, ಪೆಕೊರಿನೊ, ಅಂದರೆ ಕುರಿ ಹಾಲಿನ ಗಟ್ಟಿ ಚೀಸ್. ಮೂರು, ಗ್ವಾಂಚಾಲೆ. ಹಂದಿಯ ಕೆನ್ನೆಯ ಮಾಂಸಕ್ಕೆ ಉಪ್ಪು, ಮೆಣಸು ತಿಕ್ಕಿ ತಿಂಗಳುಗಟ್ಟಲೆ ನೇತುಹಾಕಿ ಒಣಗಿಸಿದ್ದು. ಸಂಜೆ ಕುರಿ ಕೂಡಿದ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಗ್ವಾಂಚಾಲೆ ಹುರಿದರೆ ಅದರ ಕೊಬ್ಬೇ ಎಣ್ಣೆ. ಅದಕ್ಕೆ ಬೇಯಿಸಿದ ಪಾಸ್ತಾ ಹಾಕಿ, ಮೇಲೆ ಚೀಸ್ ತುರಿದರೆ ಊಟ. ಇದಕ್ಕೆ ಗ್ರಿಚಾ ಅನ್ನುತ್ತಾರೆ.

ಇದರಲ್ಲಿ ಉಪ್ಪಿನದೊಂದು ಕಥೆ ಇದೆ. ರೋಮ್‌ನಿಂದ ಈ ಬೆಟ್ಟ ದಾಟಿ ಪೂರ್ವದ ಕಡಲಿಗೆ ಹೋಗುವ ರಸ್ತೆಯ ಹೆಸರು ವಿಯಾ ಸಲಾರಿಯಾ. ಅಂದರೆ ಉಪ್ಪಿನ ದಾರಿ. ರೋಮನ್ನರ ಕಾಲದ ರಸ್ತೆ, ಇವತ್ತಿಗೂ ಬಸ್ಸು ಲಾರಿ ಅದರಲ್ಲೇ ಓಡುತ್ತವೆ. ಉಪ್ಪಿಲ್ಲದಿದ್ದರೆ ಚೀಸೂ ಇಲ್ಲ, ಒಣಮಾಂಸವೂ ಇಲ್ಲ. ಊರಿನ ಅಡುಗೆ ನಿಂತಿದ್ದು ಬೆಟ್ಟದ ಹುಲ್ಲಿನ ಮೇಲೆ, ಈ ರಸ್ತೆಯ ಮೇಲೆ.

ಇನ್ನು ಟೊಮೆಟೊ. ಇವತ್ತು ಲಾಜಿಯೊ ಪ್ರಾಂತ್ಯದಲ್ಲಿರುವ ಅಮಾತ್ರಿಚೆ 1927ರ ತನಕ ಪಕ್ಕದ ಅಬ್ರುಜ್ಜೊ ಸೀಮೆಗೆ ಸೇರಿತ್ತು. ಅದಕ್ಕೂ ಹಿಂದೆ ಶತಮಾನಗಟ್ಟಲೆ ನೇಪಲ್ಸ್ ರಾಜ್ಯದ ಉತ್ತರದ ಗಡಿಯೂರಾಗಿತ್ತು. ಗಡಿಯೂರಿನ ಕಷ್ಟ ಅದಕ್ಕೂ ತಪ್ಪಲಿಲ್ಲ. 1529ರಲ್ಲಿ ಸ್ಪೇನ್ ಸೈನ್ಯ ಊರನ್ನು ಲೂಟಿ ಮಾಡಿತು. ಆಮೇಲೆ ಮತ್ತೆ ಕಟ್ಟಿದ ಊರಿನ ಬೀದಿಗಳ ವಿನ್ಯಾಸ ಅಲ್ಲಿಯವನೇ ಆದ ಚಿತ್ರಕಾರ, ವಾಸ್ತುಶಿಲ್ಪಿ ಕೋಲಾ ದೆಲ್ಲಾಮಾತ್ರಿಚೆಯದು ಅನ್ನುವ ಮಾತಿದೆ. ಊರಿನ ಹೆಸರೇ ಅವನ ಹೆಸರು. ನೇಪಲ್ಸ್ ಆಳ್ವಿಕೆ ಇದ್ದದ್ದರಿಂದ ಅಮೆರಿಕಾ ಖಂಡದಿಂದ ಬಂದ ಟೊಮೆಟೊ, ಮೆಣಸಿನಕಾಯಿ ದಕ್ಷಿಣದಿಂದ ಈ ಬೆಟ್ಟಕ್ಕೂ ಹತ್ತಿದವು. ಬಿಳಿ ಗ್ರಿಚಾಕ್ಕೆ ಟೊಮೆಟೊ ಬಿದ್ದು ಕೆಂಪಾಯಿತು. ಆ ಕೆಂಪು ಊಟಕ್ಕೆ ಊರಿನ ಹೆಸರೇ ಬಂತು: ಅಮಾತ್ರಿಚಾನಾ.

ಊರಿನಿಂದ ದುಡಿಯಲು ರೋಮ್‌ಗೆ ಹೋದವರು ಅಲ್ಲಿ ಖಾನಾವಳಿ ಇಟ್ಟರು, ಅಡುಗೆಯವರಾದರು. ಅವರ ಜೊತೆ ಊಟವೂ ಇಳಿಯಿತು. ಈಗ ರೋಮ್‌ನ ಯಾವ ಹೋಟೆಲಿಗೆ ಹೋದರೂ ಅಮಾತ್ರಿಚಾನಾ ಸಿಗುತ್ತದೆ. ರೋಮ್‌ನವರು ಅದಕ್ಕೆ ನಡುವೆ ತೂತಿರುವ ದಪ್ಪ ಪಾಸ್ತಾ ಬಳಸುತ್ತಾರೆ, ಕೆಲವರು ಈರುಳ್ಳಿಯನ್ನೂ ಹಾಕುತ್ತಾರೆ. ಅಮಾತ್ರಿಚೆಯವರು ಅದನ್ನು ಒಪ್ಪುವುದಿಲ್ಲ. ಸ್ಪಗೆಟ್ಟಿಯೇ ಆಗಬೇಕು, ಈರುಳ್ಳಿ ಕೂಡದು. 2015ರಲ್ಲಿ ಟಿವಿಯ ಹೆಸರಾಂತ ಬಾಣಸಿಗರೊಬ್ಬರು ಇದಕ್ಕೆ ಬೆಳ್ಳುಳ್ಳಿ ಹಾಕುತ್ತೇನೆ ಅಂದಾಗ ಊರಿನ ಪುರಸಭೆಯೇ ಎದ್ದು ಆಕ್ಷೇಪ ಹೇಳಿತು. ಒಂದು ಎಸಳು ಬೆಳ್ಳುಳ್ಳಿಗೆ ಪುರಸಭೆ ಹೇಳಿಕೆ ಕೊಡುವುದನ್ನು ಓದಿ ನಾನು ನಕ್ಕಿದ್ದೆ. ಆಮೇಲೆ ಅನ್ನಿಸಿತು, ಜೋಳದ ರೊಟ್ಟಿಗೆ ಯಾರಾದರೂ ಮೈದಾ ಬೆರೆಸಿ ಟಿವಿಯಲ್ಲಿ ತೋರಿಸಿದರೆ ನಾವು ಸುಮ್ಮನಿರುತ್ತೇವೆಯೇ?

ಪುರಸಭೆ ಒಪ್ಪಿದ ಪಾಕ ಹೀಗಿದೆ. ಅರ್ಧ ಕಿಲೋ ಸ್ಪಗೆಟ್ಟಿಗೆ 125 ಗ್ರಾಂ ಗ್ವಾಂಚಾಲೆ, 100 ಗ್ರಾಂ ತುರಿದ ಪೆಕೊರಿನೊ, ಆರೇಳು ಉದ್ದನೆಯ ಟೊಮೆಟೊ, ಒಂದು ಚಮಚ ಆಲಿವ್ ಎಣ್ಣೆ, ಚೂರು ಒಣಮೆಣಸಿನಕಾಯಿ, ಒಂದಿಷ್ಟು ಬಿಳಿ ದ್ರಾಕ್ಷಾರಸದ ಮದ್ಯ. ಮಾಂಸವನ್ನು ಬೆರಳುದ್ದ ಸೀಳಿ ಹುರಿದು, ಮದ್ಯ ಚಿಮುಕಿಸಿ ಆರಿಸಿ, ತೆಗೆದಿಡಬೇಕು. ಅದೇ ಕೊಬ್ಬಿನಲ್ಲಿ ಟೊಮೆಟೊ ಬೇಯಿಸಿ, ಮಾಂಸ ಮತ್ತೆ ಸೇರಿಸಿ, ಬೆಂದ ಪಾಸ್ತಾದ ಜೊತೆ ಕಲಸಿ, ಚೀಸ್ ಉದುರಿಸಬೇಕು. ಅಷ್ಟೇ.

ನಾನೂ ಒಮ್ಮೆ ಮಾಡಿ ನೋಡಿದೆ. ನಮ್ಮ ಮನೆಯಲ್ಲಿ ಮಾಂಸ ನಡೆಯುವುದಿಲ್ಲ. ಕಲಬುರಗಿಯಿಂದ ಸ್ಪಗೆಟ್ಟಿ ಪಾಕೀಟು ತಂದು ಶೇಂಗಾ ಎಣ್ಣೆ, ಟೊಮೆಟೊ, ಬ್ಯಾಡಗಿ ಮೆಣಸಿನಕಾಯಿ ಹಾಕಿ ಮಾಡಿದೆ. ಅವ್ವ ಒಂದು ತುತ್ತು ತಿಂದು, ‘ಇದು ಉಳ್ಳಾಗಡ್ಡಿ ಹಾಕದ ಶ್ಯಾವಗಿ ಉಪ್ಪಿಟ್ಟಲ್ಲೋ’ ಅಂದಳು. ಅಮಾತ್ರಿಚೆಯ ಪುರಸಭೆಗೆ ಗೊತ್ತಾದರೆ ನನ್ನ ಮೇಲೂ ಹೇಳಿಕೆ ಬರುತ್ತದೆ.

ಪ್ರತಿ ವರ್ಷ ಆಗಸ್ಟ್ ಕೊನೆಯಲ್ಲಿ ಅಲ್ಲಿ ಈ ಊಟದ ಜಾತ್ರೆ ನಡೆಯುತ್ತಿತ್ತು. ದೊಡ್ಡ ದೊಡ್ಡ ಬಾಣಲೆ ಇಟ್ಟು ಬೀದಿಯಲ್ಲೇ ಅಡುಗೆ. ಆಗ ಊರಿನ ಜನಸಂಖ್ಯೆ ಸುಮಾರು 2,600 ಇತ್ತು. ಅದೂ ಊರಿನಲ್ಲಿ ಮತ್ತು ಸುತ್ತ ಹರಡಿದ ಹತ್ತಾರು ಸಣ್ಣ ಹಳ್ಳಿಗಳಲ್ಲಿ ಸೇರಿ. ಆದರೆ ಆಗಸ್ಟ್‌ನಲ್ಲಿ ಲೆಕ್ಕವೇ ಬೇರೆ. ರೋಮ್‌ನಲ್ಲಿ ನೌಕರಿಗಿರುವ ಮಕ್ಕಳು, ಮೊಮ್ಮಕ್ಕಳು ಬೇಸಿಗೆ ರಜೆಗೆ ಅಜ್ಜ ಅಜ್ಜಿಯ ಮನೆಗೆ ಬರುತ್ತಿದ್ದರು. ಬೀಗ ಹಾಕಿದ ಹಳೆಯ ಮನೆಗಳ ಬಾಗಿಲು ತೆರೆಯುತ್ತಿದ್ದವು. ನಮ್ಮೂರ ಜಾತ್ರೆಗೆ ಪುಣೆ, ಮುಂಬೈ, ಬೆಂಗಳೂರಿಂದ ಜನ ಬರುವ ಹಾಗೆ.

2016ರಲ್ಲಿ ಅದು 50ನೇ ವರ್ಷದ ಜಾತ್ರೆ. ಆಗಸ್ಟ್ 27 ಮತ್ತು 28ಕ್ಕೆ ಇಟ್ಟುಕೊಂಡಿದ್ದರು. ಮನೆಗಳೆಲ್ಲ ತುಂಬಿದ್ದವು.

ಆಗಸ್ಟ್ 24ರ ನಸುಕಿನ 3 ಗಂಟೆ 36 ನಿಮಿಷಕ್ಕೆ ಭೂಮಿ ನಡುಗಿತು. ತೀವ್ರತೆ 6ರ ಆಸುಪಾಸು, ಹೆಚ್ಚುಕಡಿಮೆ ಕಿಲ್ಲಾರಿಯಷ್ಟೇ. ಗಡಿಯಾರದಲ್ಲಿ ನೋಡಿದರೆ ಕಿಲ್ಲಾರಿಗೂ ಇದಕ್ಕೂ ಇಪ್ಪತ್ತು ನಿಮಿಷದ ಅಂತರ. ಎರಡೂ ಕಡೆ ಎಲ್ಲರೂ ಗಾಢ ನಿದ್ದೆಯಲ್ಲಿದ್ದರು.

ಅಮಾತ್ರಿಚೆ ಮತ್ತು ಪಕ್ಕದ ಅಕ್ಕೂಮೊಲಿ, ಅರ್ಕ್ವಾತಾ ಸೇರಿ 299 ಜನ ಸತ್ತರು. ಅಮಾತ್ರಿಚೆಯೊಂದರಲ್ಲೇ 230ಕ್ಕೂ ಹೆಚ್ಚು. ಅಜ್ಜಿ ಮನೆಗೆ ರಜೆಗೆ ಬಂದ ಮಕ್ಕಳೂ ಅದರಲ್ಲಿದ್ದರು. ಬೆಳಕು ಹರಿದಾಗ ತೆಗೆದ ಚಿತ್ರಗಳಲ್ಲಿ ಮುಖ್ಯ ಬೀದಿ ಕಾಣುವುದಿಲ್ಲ, ಕಲ್ಲಿನ ರಾಶಿ ಮಾತ್ರ ಕಾಣುತ್ತದೆ. ನಡುವೆ ಒಂದು ಹಳೆಯ ಗಡಿಯಾರ ಗೋಪುರ ಒಂಟಿಯಾಗಿ ನಿಂತಿತ್ತು. ಅದರ ಮುಳ್ಳುಗಳು ಭೂಮಿ ನಡುಗಿದ ಹೊತ್ತಿಗೇ ನಿಂತುಹೋಗಿದ್ದವು. ಊರು ಇಲ್ಲವಾಯಿತು ಅಂತ ಮೇಯರ್ ಹೇಳಿದ ಮಾತು ಅವತ್ತು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ಆಮೇಲೆ ನಡೆದದ್ದನ್ನು ಓದಿ ನನಗೆ ಆಶ್ಚರ್ಯವಾಯಿತು. ಊರನ್ನು ಎಂದೂ ನೋಡದ ಲಕ್ಷಾಂತರ ಜನರಿಗೆ ಊಟದ ಹೆಸರು ಗೊತ್ತಿತ್ತು. ಇಟಲಿಯ ಒಬ್ಬ ಬ್ಲಾಗ್ ಬರಹಗಾರ ಒಂದು ದಾರಿ ಸೂಚಿಸಿದ. ಹೋಟೆಲುಗಳು ಅಮಾತ್ರಿಚಾನಾ ಮಾಡಲಿ, ಪ್ರತಿ ತಟ್ಟೆಗೆ ಎರಡು ಯೂರೊ ಊರಿಗೆ ಹೋಗಲಿ. ಒಂದು ಯೂರೊ ಹೋಟೆಲಿನವರದು, ಒಂದು ಉಂಡವರದು. ಇಟಲಿಯಲ್ಲೂ ಹೊರದೇಶಗಳಲ್ಲೂ ನೂರಾರು ಹೋಟೆಲು ಕೈಜೋಡಿಸಿದವು. ಅದೇ ಹೊತ್ತಿಗೆ ಫ್ರಾನ್ಸಿನ ಶಾರ್ಲಿ ಎಬ್ದೊ ಪತ್ರಿಕೆ, ಕಲ್ಲಿನಡಿ ಸಿಕ್ಕಿ ಸತ್ತವರನ್ನೂ ಗಾಯಗೊಂಡವರನ್ನೂ ಪಾಸ್ತಾ ಊಟದ ಹಾಗೆ ಬರೆದ ವ್ಯಂಗ್ಯಚಿತ್ರ ಹಾಕಿತು. ಪುರಸಭೆ ದೂರು ದಾಖಲಿಸಿತು. ಊಟದ ಹೆಸರು ನೆರವನ್ನೂ ತಂದಿತು, ಅವಮಾನವನ್ನೂ ತಂದಿತು.

2017ರಲ್ಲಿ ವಾಸ್ತುಶಿಲ್ಪಿ ಸ್ತೆಫಾನೊ ಬೊಯೆರಿ ಅಲ್ಲಿ ಮರದ ಕಟ್ಟಡಗಳ ಒಂದು ಆವರಣ ಕಟ್ಟಿಕೊಟ್ಟರು. ಒಂದು ಪತ್ರಿಕೆ ಮತ್ತು ಒಂದು ಟಿವಿ ವಾಹಿನಿ ಓದುಗರು, ನೋಡುಗರಿಂದ ಕೂಡಿಸಿದ ದೇಣಿಗೆಯಿಂದ. ಕುಸಿದ ಹೋಟೆಲುಗಳು ಅಲ್ಲಿ ಮತ್ತೆ ಒಲೆ ಹಚ್ಚಿದವು. ಮನೆಗಳಿಗಿಂತ ಮೊದಲು ಊಟದ ಮನೆಗಳು ಎದ್ದವು. ಅದು ಸರಿಯೇ ಅಂತ ಮೊದಲು ಅನ್ನಿಸಿತು. ಯೋಚಿಸಿದರೆ ಹೊಟ್ಟೆಪಾಡು ಶುರುವಾಗದಿದ್ದರೆ ಜನ ಊರು ಬಿಟ್ಟೇ ಹೋಗುತ್ತಿದ್ದರು. 2020ರಲ್ಲಿ ಐರೋಪ್ಯ ಒಕ್ಕೂಟ ಅಮಾತ್ರಿಚಾನಾವನ್ನು ಸಾಂಪ್ರದಾಯಿಕ ಖಾದ್ಯವೆಂದು ನೋಂದಾಯಿಸಿತು. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಗುರುತು ಸಿಕ್ಕಿತಲ್ಲ, ಅದಕ್ಕೆ ಹತ್ತಿರದ್ದು. ವ್ಯತ್ಯಾಸ ಇಷ್ಟೇ: ತೊಗರಿ ಈ ಸೀಮೆಯಲ್ಲೇ ಬೆಳೆದಿರಬೇಕು. ಅಮಾತ್ರಿಚಾನಾವನ್ನು ಯಾರು ಎಲ್ಲಿ ಬೇಕಾದರೂ ಮಾಡಬಹುದು, ಪಾಕ ತಪ್ಪಬಾರದು.

ಊಟಕ್ಕೆ ಹೀಗೆ ಗೌರವ ಸಿಕ್ಕಿತು. ಮನೆಗಳ ಮಾತು ಬೇರೆ. ಆ ವರ್ಷದ ಅಕ್ಟೋಬರ್ 30ಕ್ಕೆ 6.5 ತೀವ್ರತೆಯ ಇನ್ನೊಂದು ಭೂಕಂಪ ಬಂದು ಉಳಿದಿದ್ದ ಗೋಡೆಗಳನ್ನೂ ಕೆಡವಿತು. 2017ರ ಜನವರಿ 18ರಂದು, ಆಳೆತ್ತರ ಹಿಮ ಬಿದ್ದಿದ್ದ ದಿನ, ಮತ್ತೆ ನಾಲ್ಕು ಸಲ ಭೂಮಿ ಜೋರಾಗಿ ನಡುಗಿತು. ಜನ ತಾತ್ಕಾಲಿಕ ಸಣ್ಣ ಮನೆಗಳಿಗೆ ಹೋದರು. ತಾತ್ಕಾಲಿಕ ಅನ್ನುವುದು ವರ್ಷಗಟ್ಟಲೆ ಎಳೆಯಿತು. ಇಟಲಿಯಂಥ ಶ್ರೀಮಂತ ದೇಶದಲ್ಲೂ ಕಾಗದ, ಪರವಾನಗಿ, ಟೆಂಡರ್ ಅಂತ ಮನೆ ಕಟ್ಟುವ ಕೆಲಸ ಆಮೆಯ ನಡಿಗೆಯಾಯಿತು. ಪ್ರತಿ ಆಗಸ್ಟ್ 24ರ ನಸುಕಿನಲ್ಲಿ ಜನ ದೀಪ ಹಿಡಿದು ಸೇರುತ್ತಾರೆ, ಸತ್ತವರಿಗಾಗಿ ಗಂಟೆ ಬಾರಿಸುತ್ತಾರೆ.

ಈಗ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಗೋಡೆ ಯಾಕೆ ಬಿತ್ತು?

ಅಮಾತ್ರಿಚೆಯಿಂದ ಬೆಟ್ಟದ ಆಚೆ ನೋರ್ಚಾ ಅಂತ ಇನ್ನೊಂದು ಊರಿದೆ. ಅದೂ ಊಟಕ್ಕೆ ಹೆಸರಾದ ಊರು. ಹಂದಿಮಾಂಸ ಹದ ಮಾಡುವ ಕಸುಬಿಗೆ ಇಟಲಿಯಲ್ಲಿ ಈ ಊರಿನ ಹೆಸರೇ ಬಂದಿದೆ. ಅದರ ಮೇಲಿನ ಕಸ್ತೆಲ್ಲೂಚೊ ಬಯಲಿನ ಸಣ್ಣ ಮಸೂರ ಕಾಳು ದೇಶಕ್ಕೆಲ್ಲ ಪ್ರಸಿದ್ಧ. ಆಗಸ್ಟ್ 24ರ ಭೂಕಂಪದ ಕೇಂದ್ರ ನೋರ್ಚಾಕ್ಕೂ ಹತ್ತಿರವೇ ಇತ್ತು. ಅಲ್ಲಿ ಅವತ್ತು ಒಬ್ಬರೂ ಸಾಯಲಿಲ್ಲ.

ಅದೃಷ್ಟ ಅನ್ನಬೇಡಿ. 1859ರಲ್ಲಿ ನೋರ್ಚಾ ಭೂಕಂಪಕ್ಕೆ ಬಿದ್ದಿತ್ತು. ಆಗ ಆ ಸೀಮೆ ಪೋಪ್ ಆಳ್ವಿಕೆಯಲ್ಲಿತ್ತು. ಮರುವರ್ಷವೇ ಕಟ್ಟಡಕ್ಕೆ ನಿಯಮ ಬಂತು: ಎರಡು ಅಂತಸ್ತಿಗಿಂತ ಎತ್ತರ ಕಟ್ಟಬಾರದು, ಗೋಡೆಗೆ ಆಸರೆ ಕೊಡಬೇಕು. 1979ರಲ್ಲಿ ಮತ್ತೆ ಭೂಕಂಪವಾಯಿತು, 1997ರಲ್ಲಿ ಪಕ್ಕದ ಸೀಮೆ ನಡುಗಿತು. ಪ್ರತಿ ಸಲವೂ ಮನೆಗಳನ್ನು ಬಿಗಿ ಮಾಡಿಕೊಂಡರು. ಎದುರುಬದುರು ಗೋಡೆಗಳ ನಡುವೆ ಕಬ್ಬಿಣದ ಸರಳು ಹಾಯಿಸಿ ಎರಡೂ ತುದಿಗೆ ಬಿಲ್ಲೆ ಹಾಕಿ ಬಿಗಿದರು. ಹಾಗಾಗಿ ಗೋಡೆ ಬಿರುಕು ಬಿಟ್ಟರೂ ಹೊರಕ್ಕೆ ಬಿಚ್ಚಿಕೊಳ್ಳಲಿಲ್ಲ. ಅಕ್ಟೋಬರ್‌ನ ದೊಡ್ಡ ಭೂಕಂಪಕ್ಕೆ ನೋರ್ಚಾದ ಹಳೆಯ ಸಂತ ಬೆನೆಡಿಕ್ಟ್ ಚರ್ಚ್ ಕುಸಿಯಿತು, ಮುಂದಿನ ಗೋಡೆಯೊಂದು ಉಳಿಯಿತು. ಆಗಲೂ ಊರಿನಲ್ಲಿ ಜೀವಹಾನಿ ಆಗಲಿಲ್ಲ.

ಅಮಾತ್ರಿಚೆಯಲ್ಲೂ ಭೂಕಂಪ ಹೊಸದಲ್ಲ. 1639ರಲ್ಲೇ ಊರು ಬಿದ್ದಿತ್ತು. ಆದರೆ ನೂರಾರು ವರ್ಷದಲ್ಲಿ ನೆನಪು ಮಾಸಿತು. ಬಹಳ ಮನೆಗಳು ಗುಂಡುಕಲ್ಲು, ಸತ್ವವಿಲ್ಲದ ಗಾರೆಯವು. ಎಷ್ಟೋ ಕಡೆ ಹಳೆಯ ಮರದ ಚಾವಣಿ ತೆಗೆದು, ಅದೇ ಸಡಿಲ ಗೋಡೆಗಳ ಮೇಲೆ ಭಾರದ ಕಾಂಕ್ರೀಟ್ ಚಾವಣಿ ಕೂರಿಸಿದ್ದರು. 2012ರಲ್ಲಿ ದುರಸ್ತಿ ಕಂಡಿದ್ದ ಊರಿನ ಶಾಲೆಯೂ ಕುಸಿಯಿತು. ನಸುಕಾಗಿದ್ದರಿಂದ ಮಕ್ಕಳು ಅಲ್ಲಿರಲಿಲ್ಲ.

ಕಿಲ್ಲಾರಿಯ ಮನೆಗಳು ಬಿದ್ದದ್ದೂ ಇದೇ ಕಾರಣಕ್ಕೆ. ನಮ್ಮ ಕಡೆಯ ಮಾಳಿಗೆ ಮನೆ ನಿಮಗೆ ಗೊತ್ತು. ಎರಡು ಎರಡೂವರೆ ಅಡಿ ದಪ್ಪದ ಕಲ್ಲುಗೋಡೆ ನೋಡಿದರೆ ಕೋಟೆಯಂತಿರುತ್ತದೆ. ಒಡೆದು ನೋಡಿದರೆ ಅದು ಒಂದು ಗೋಡೆಯಲ್ಲ. ಒಳಗಡೆ ಒಂದು ಸಾಲು, ಹೊರಗಡೆ ಒಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲುಗಳಿಲ್ಲದಿದ್ದರೆ ಭೂಮಿ ಅಲುಗಿದಾಗ ಎರಡು ಸಾಲೂ ಒಂದನ್ನೊಂದು ಬಿಟ್ಟು ಹೊಟ್ಟೆ ಉಬ್ಬಿ ಒಡೆಯುತ್ತವೆ. ಮೇಲೆ ಮಾಳಿಗೆಯ ಮಣ್ಣು. ಪ್ರತಿ ಮಳೆಗಾಲಕ್ಕೆ ಸೋರಬಾರದು ಅಂತ ಒಂದು ಪದರ ಹಾಕುತ್ತೇವೆ. ಅಜ್ಜ ಹಾಕಿದ್ದು, ಅಪ್ಪ ಹಾಕಿದ್ದು, ನಾವು ಹಾಕಿದ್ದು. ಗೋಡೆ ಸರಿದ ಕೂಡಲೇ ಅಷ್ಟೂ ಮಣ್ಣು ಮಲಗಿದವರ ಮೇಲೆ. ಕಿಲ್ಲಾರಿಯಲ್ಲಿ ಬಹಳ ಜನ ಸತ್ತದ್ದು ಹಾಗೆ.

ನಮ್ಮ ಮನೆಯೂ ಅಂಥದ್ದೇ. ಇದನ್ನೆಲ್ಲ ಓದಿದ ಮೇಲೆ ಆ ಮಾಳಿಗೆ ಕೆಳಗೆ ಅವ್ವ ಮಲಗಿರುವುದನ್ನು ನೋಡಿ ನನಗೆ ನಿದ್ದೆ ಬರಲಿಲ್ಲ. ಮಣ್ಣು ತೆಗೆಸೋಣ ಅಂದೆ. ಅವ್ವ ಒಪ್ಪಲಿಲ್ಲ. ‘ಮಣ್ಣು ತೆಗದರ ಬ್ಯಾಸಿಗ್ಯಾಗ ಬೇಯ್ತೀವಿ. ನಿಮ್ಮಪ್ಪ ಕಟ್ಟಿದ್ದು, ಕಿಲ್ಲಾರಿಗೇ ಬೀಳಲಿಲ್ಲ, ಈಗ ಬೀಳ್ತದೇನು?’ ಅಂದಳು. ಅವಳ ಮಾತಲ್ಲಿ ಬಿಸಿಲಿನ ಪಾಲು ನಿಜ. ತಗಡಿನ ಮನೆಯಲ್ಲಿ ಏಪ್ರಿಲ್ ತಿಂಗಳು ಕಳೆದವರನ್ನು ಕೇಳಿ.

ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ನಾನು ಅವ್ವನಿಗೆ ಫೋನಿನಲ್ಲಿ ಅಮಾತ್ರಿಚೆಯ ಚಿತ್ರ ತೋರಿಸಿದೆ. ಮೊದಲು ಭೂಕಂಪಕ್ಕೆ ಮುಂಚಿನದು: ಬೆಟ್ಟ, ಕೆಂಪು ಹೆಂಚಿನ ಮನೆಗಳು, ಬೀದಿಯಲ್ಲಿ ಜನ. ಆಮೇಲಿನದು: ಗೋಪುರ ಮತ್ತು ರಾಶಿ. ಅವ್ವ ಬಹಳ ಹೊತ್ತು ನೋಡಿದಳು. ‘ಜಾತ್ರಿಗಿ ಬಂದ ಮಕ್ಕಳೂ ಹೋದ್ವೇನು?’ ಅಂತ ಕೇಳಿದಳು. ಹೂಂ ಅಂದೆ. ಆಮೇಲೆ ಅವಳೇ, ‘ಗೌಂಡಿನ್ನ ಕರಕೊಂಡು ಬಾ’ ಅಂದಳು.

ಮೊದಲು ಪರಿಚಯದ ಒಬ್ಬ ಎಂಜಿನಿಯರ್‌ಗೆ ಮನೆ ತೋರಿಸಿದೆ. ಅವರ ಮಾತಿನಂತೆ ಕಳೆದ ಬೇಸಿಗೆಯಲ್ಲಿ ನಡುಮನೆ ಮತ್ತು ಅವ್ವ ಮಲಗುವ ಕೋಣೆಯ ಕೆಲಸ ಮಾಡಿಸಿದೆವು. ಮಾಳಿಗೆಯ ಮೇಲೆ ಮೊಳದ ಮೇಲೆ ಮಣ್ಣು ಕೂತಿತ್ತು. ಒಂದು ಗೇಣು ಬಿಟ್ಟು ಉಳಿದದ್ದು ಇಳಿಸಿದೆವು. ನೀರು ಇಳಿಯದಂತೆ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಗೇಣು ಮಣ್ಣು ಇರುವುದರಿಂದ ತಂಪು ಪೂರ್ತಿ ಹೋಗಲಿಲ್ಲ. ಗೋಡೆಯಲ್ಲಿ ಅಲ್ಲಲ್ಲಿ ಕಲ್ಲನ್ನು ಕೈಯಿಂದ ಮೆಲ್ಲಗೆ ಸಡಿಲಿಸಿ, ಆರಪಾರ ತೂತು ಮಾಡಿ, ತುದಿ ಬಾಗಿಸಿದ ಸರಳು ಇಟ್ಟು ಕಾಂಕ್ರೀಟ್ ತುಂಬಿದರು. ಸುತ್ತಿಗೆಯಿಂದ ಬಡಿದರೆ ಗೋಡೆಯೇ ಸಡಿಲಾಗುತ್ತದೆ ಅಂತ ಎಂಜಿನಿಯರ್ ಎದುರು ನಿಂತು ಮಾಡಿಸಿದರು. ನೀವು ಮಾಡಿಸುವುದಾದರೂ ತಿಳಿದವರಿಗೆ ತೋರಿಸಿಯೇ ಕೈ ಹಾಕಿ. ಪ್ರತಿ ಮನೆಯ ಗೋಡೆ ಬೇರೆ.

ದುಡ್ಡು ಸಾಲದೆ ಅಡುಗೆಮನೆ ಮತ್ತು ದನದ ಕೊಟ್ಟಿಗೆ ಹಾಗೇ ಉಳಿದಿವೆ. ಮುಂದಿನ ತೊಗರಿ ನೋಡಿಕೊಂಡು ಮಾಡಿಸಬೇಕು.

ಕೆಲಸ ಮುಗಿದ ಮೇಲೆ ಗಡಿಕೇಶ್ವರಕ್ಕೆ ಹೋಗಿದ್ದೆ. ಆ ಅಜ್ಜಿ ಅದೇ ಕಟ್ಟೆಯ ಮೇಲೆ ಕುಂತಿದ್ದರು. ನನ್ನ ಗುರುತು ಹತ್ತಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ತಂದಿದ್ದೇನೆ ಅಂತ ಎಲ್ಲ ಹೇಳಿದೆ. ಮಾಳಿಗೆ ಮಣ್ಣಿನ ವಿಷಯ, ಎರಡು ಸಾಲು ಕಲ್ಲಿನ ವಿಷಯ, ದೂರದ ಒಂದು ಊರು ತನ್ನ ಊಟದಿಂದ ಹೆಸರಾಗಿ ಗೋಡೆಯಿಂದ ಕೆಟ್ಟ ವಿಷಯ. ಅಜ್ಜಿ ಕೇಳಿಸಿಕೊಂಡು, ‘ಇದು ಆವಾಗೇ ಪೇಪರ್ನ್ಯಾಗ ಬರೀಬೇಕಿತ್ತಲ್ಲೋ ಯಪ್ಪಾ’ ಅಂದರು.

ಆ ನೂರು ಪದದಲ್ಲಿ ಇದು ಬರಲಿಲ್ಲ. ಅದಕ್ಕೆ ಈಗ ಇಲ್ಲಿ ಬರೆದಿದ್ದೇನೆ. ಓದಿ ಮುಗಿಸಿದ ಮೇಲೆ ಒಮ್ಮೆ ಮಾಳಿಗೆ ಹತ್ತಿ, ನಿಮ್ಮ ಮನೆ ಮೇಲೆ ಎಷ್ಟು ಮಣ್ಣಿದೆ ಅಂತ ಗೇಣು ಹಾಕಿ ನೋಡಿ.